ಡೋರೀನ್ ಬಣ್ಣ ಹೊಡೆದ ಗೋಡೆ

ಹದಿನೆಂಟು ವರ್ಷದಿಂದ ನಾನು ಇಂಗ್ಲೆಂಡಿನ ಗ್ರಿಮ್ಸ್‌ಬಿಯಲ್ಲಿ ಜನರ ಮನೆಯ ಗೋಡೆ ಮೂಸಿಕೊಂಡು ತಿರುಗುತ್ತಿದ್ದೇನೆ. ಬಾಡಿಗೆಗೆ ಕೊಟ್ಟ ಸರ್ಕಾರಿ ಮನೆಗಳಲ್ಲಿ ನೀರು ಎಲ್ಲಿಂದ ಇಳಿಯುತ್ತಿದೆ, ಬೂಷ್ಟು ಎಷ್ಟು ಹಬ್ಬಿದೆ ಎಂದು ನೋಡಿ ವರದಿ ಕೊಡುವುದು ನನ್ನ ಕೆಲಸ. ತೀರ್ಮಾನ ಮಾಡುವವರು ಬೆಚ್ಚಗಿನ ಆಫೀಸಿನಲ್ಲಿ ಕೂತಿರುತ್ತಾರೆ. ಅವರ ಗೋಡೆಗಳಿಗೆ ಯಾವ ರೋಗವೂ ಇಲ್ಲ.

ಡೋರೀನ್ ಆಟ್ಕಿನ್ ನನಗಾಗಿ ಏಳು ತಿಂಗಳು ಕಾದಿದ್ದಳು. ಮೀನು ಕಾರ್ಖಾನೆಯಲ್ಲಿ ಕೈ ಸವೆಸಿದ, ಅರವತ್ತೆಂಟರ ಹೆಂಗಸು. ಮಗಳು ತೀರಿಕೊಂಡ ಮೇಲೆ ಐದು ವರ್ಷದ ಮೊಮ್ಮಗಳು ಟಿಲ್ಲಿಯನ್ನು ಅವಳೇ ಸಾಕುತ್ತಿದ್ದಳು. ಮಗುವಿಗೆ ಉಬ್ಬಸ. ಈ ಮನೆಯಲ್ಲಿ ಇನ್ನೊಂದು ಚಳಿಗಾಲ ತಡೆಯಲಾರಳು ಎಂದು ಡಾಕ್ಟರ್ ಬರೆದುಕೊಟ್ಟಿದ್ದರು. ಆದರೆ ಬೇರೆ ಮನೆ ಸಿಗಬೇಕಾದರೆ ನನ್ನ ವರದಿಯೂ ಬೇಕಿತ್ತು.

ನವೆಂಬರಿನಲ್ಲಿ ಹೋದೆ. ಬಾಗಿಲು ತೆಗೆದ ಕೂಡಲೇ ಹೊಸ ಬಣ್ಣದ ವಾಸನೆ ಮೂಗಿಗೆ ಬಡಿಯಿತು. ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು.

"ಇದೇನು ಮಾಡಿಬಿಟ್ರಿ, ಮಿಸೆಸ್ ಆಟ್ಕಿನ್?"

"ಬ್ಲೀಚ್ ಹಾಕಿ ಮೂರು ಸಲ ಉಜ್ಜಿದೆ, ಮಗಾ. ಆಮೇಲೆ ಬಿಳಿ ಬಣ್ಣ ಹೊಡೆದೆ. ಆಫೀಸಿನವರು ಬರ್ತಾರೆ ಅಂದ್ರೆ ಕೊಳಕು ಗೋಡೆ ತೋರಿಸೋಕಾಗುತ್ತಾ?"

"ನಾನು ಬಂದಿದ್ದೇ ಆ ಕೊಳಕು ನೋಡೋಕೆ."

"ನೋಡ್ಬಿಟ್ಟು, ಇವಳು ಮನೆ ಚೊಕ್ಕವಾಗಿಡಲ್ಲ ಅಂತ ಬರ್ಕೊಂಡು ಹೋಗ್ತೀರಿ. ನಂಗೊತ್ತಿಲ್ವಾ?"

ಹಾಗೆ ಬರೆಯುವವರಿದ್ದಾರೆ, ಸುಳ್ಳಲ್ಲ. ನಮ್ಮ ಬೀದಿಗಳಲ್ಲಿ ಹೆಂಗಸರ ಮಾನವೆಲ್ಲ ಮನೆಯ ಚೊಕ್ಕಟದಲ್ಲೇ ಇರುವುದು. ನಮ್ಮಮ್ಮ ಸಾಯುವ ವಾರದಲ್ಲೂ, ನರ್ಸ್ ಬರುತ್ತಾಳೆಂದು ಮುಂಬಾಗಿಲ ಮೆಟ್ಟಿಲು ತಿಕ್ಕಿದವಳು.

ತೇವ ಅಳೆಯುವ ಮೀಟರಿನ ಎರಡು ಮುಳ್ಳುಗಳನ್ನು ಗೋಡೆಗೆ ಚುಚ್ಚಿದೆ. ಕೆಂಪು ದೀಪ ಹತ್ತಿತು. ಹೊರಗೆ ಸೂರಿನ ಕೊಳವೆ ಒಡೆದು, ಮಳೆನೀರೆಲ್ಲ ಇಟ್ಟಿಗೆಗೆ ಇಳಿಯುತ್ತಿತ್ತು. ಅದನ್ನೆಲ್ಲ ಬರೆದೆ, ಬಣ್ಣ ಹೊಡೆದಿರುವುದನ್ನೂ ಬರೆದೆ. ಆದರೆ ನಮ್ಮ ಆಫೀಸಿನಲ್ಲಿ ಫೋಟೋದಲ್ಲಿ ಕಾಣದ್ದು ಇಲ್ಲವೆಂದೇ ಲೆಕ್ಕ.

"ಈ ಗೋಡೆ ನಮ್ಮನೆ ಗೋಡೆಗಿಂತ ಚೆನ್ನಾಗಿದೆಯಲ್ಲೋ, ಕ್ಲೈವ್," ಎಂದು ನಮ್ಮ ಸಾಹೇಬ ಫೋಟೋ ನೋಡಿ ನಕ್ಕ. ಜಗಳವಾಡಿದೆ. ಪ್ರಯೋಜನವಾಗಲಿಲ್ಲ. ಬೂಷ್ಟು ಕಂಡುಬಂದಿಲ್ಲ, ಕಿಟಕಿ ತೆರೆದಿಡಿ, ಒಳಗೆ ಬಟ್ಟೆ ಒಣಹಾಕಬೇಡಿ ಎಂದು ಅವಳಿಗೆ ಪತ್ರ ಹೋಯಿತು. ಮತ್ತೊಮ್ಮೆ ನೋಡುವುದು ಜನವರಿಯಲ್ಲಿ.

ಮನಸ್ಸು ತಡೆಯದೆ ನಾನೇ ಹೋಗಿ ಹೇಳಿದೆ. "ಈ ಸಲ ಗೋಡೆ ಮುಟ್ಟಬೇಡಿ. ಬೂಷ್ಟು ಬಂದರೆ ಬರಲಿ, ಬಿಟ್ಬಿಡಿ."

"ಮಗು ಮಲಗೋ ಕೋಣೆ ಅದು."

"ಇನ್ನೊಂದು ಕೋಣೇಲಿ ಮಲಗಿಸಿ."

"ಅಲ್ಲಿ ಹೀಟರ್ ಕೆಟ್ಟು ಎಷ್ಟು ಕಾಲವಾಯ್ತು. ಸೆಟೆದುಕೊಂಡು ಬಿಡುತ್ತೆ ಕೂಸು."

"ಎರಡೇ ತಿಂಗಳು," ಅಂದೆ. ಒಳ್ಳೆಯದಕ್ಕೇ ಅಂದೆ. ಹಾಗೆಂದು ನನಗೆ ನಾನೇ ಎಷ್ಟು ಸಲ ಹೇಳಿಕೊಂಡರೂ ಸಮಾಧಾನವಿಲ್ಲ.

ಜನವರಿಯಲ್ಲಿ ಆ ಗೋಡೆ ನೆಲದಿಂದ ಸೂರಿನವರೆಗೆ ಕಪ್ಪಾಗಿತ್ತು. ಟಿಲ್ಲಿಯ ದಿಂಬಿನ ಹಿಂದೆ ಹತ್ತಿಯಂತೆ ದಪ್ಪಗೆ ಬೆಳೆದಿತ್ತು. ಮಂಚ ಖಾಲಿಯಿತ್ತು. ಡೋರೀನ್ ಕೋಟು ಕೂಡ ಬಿಚ್ಚದೆ ನಿಂತಿದ್ದಳು.

"ಟಿಲ್ಲಿ ಎಲ್ಲಿ?"

"ಆಸ್ಪತ್ರೇಲಿ. ಇವತ್ತಿಗೆ ಒಂಬತ್ತು ದಿನ. ಗಂಟಲಿಗೆ ಕೊಳವೆ ಹಾಕಿ ಮಿಷನ್ನಲ್ಲಿ ಉಸಿರಾಡಿಸ್ತಿದ್ದಾರೆ."

"ಅವಳ ಹತ್ರ ಇರೋದು ಬಿಟ್ಟು ಇಲ್ಲಿಗ್ಯಾಕೆ ಬಂದ್ರಿ?"

"ನೀನು ಬಂದಾಗ ಬಾಗಿಲು ತೆಗೀದಿದ್ರೆ ಮತ್ತೆ ಸಾಲಿನ ಕೊನೇಗೆ ಹಾಕ್ತೀರಲ್ಲಪ್ಪ." ಅವಳು ಗೋಡೆಯತ್ತ ತಿರುಗಿದಳು. "ಒಂದು ಸಲಾನೂ ಒರೆಸಿಲ್ಲ, ಮಗಾ. ನೀನು ಹೇಳಿದ ಹಾಗೇ ಬಿಟ್ಟೆ. ಈಗ ಫೋಟೋದಲ್ಲಿ ಕಾಣುತ್ತಲ್ವಾ?"

"ಕಾಣುತ್ತೆ," ಅಂದೆ.

"ಹಾಗಾದ್ರೆ ಬೇಗ ತೆಗೆದುಕೋ. ಎರಡು ಗಂಟೆ ಬಸ್ಸಿಗೆ ಹೋಗಬೇಕು. ಮಿಷನ್ ನಿಲ್ಲಿಸೋಣ್ವಾ ಅಂತ ಕೇಳೋಕೆ ಡಾಕ್ಟರು ಕರೆದಿದ್ದಾರೆ."