ಕರೀಮ ಸಾಬರು ತಿದ್ದಿದ ಗೆರೆ

ಚಿಕಿತ್ಸೆಯ ಹನ್ನೊಂದನೆಯ ದಿನ ಕರೀಮ ಸಾಬರು ಕುರ್ತಾ ಎತ್ತಿದಾಗ ನನಗೆ ಮೈಯೆಲ್ಲ ಉರಿಯಿತು. ರೇಡಿಯೇಶನ್ ಎಲ್ಲಿಗೆ ಬೀಳಬೇಕೆಂದು ನಾನು ಅವರ ಹೊಟ್ಟೆ, ಸೊಂಟದ ಮೇಲೆ ಶಾಯಿಯಲ್ಲಿ ಎಳೆದಿದ್ದ ಗೆರೆಗಳನ್ನು ಯಾರೋ ತಿದ್ದಿದ್ದರು.

"ಇದ್ಯಾರು ಮಾಡಿದ್ರು ಚಾಚಾ?"

"ನಾನೇ, ಪ್ರಣಾಲಿ ಬೇಟಿ. ಗೆರಿ ಜರಾ ಡೊಂಕಿತ್ತು. ಸೀದಾ ಮಾಡೀನಿ," ಎಂದರು, ಶಾಬಾಶ್‌ಗಿರಿಗೆ ಕಾದವರ ಹಾಗೆ.

ನಲವತ್ತೈದು ವರ್ಷ ಬಿದರಿ ಹೂಜಿಗಳ ಮೇಲೆ ಬೆಳ್ಳಿ ಕೂರಿಸಲು ಗೆರೆ ಕೊರೆದ ಕೈ ಅದು, ಡೊಂಕು ಕಂಡರೆ ಸುಮ್ಮನಿರುವುದಿಲ್ಲ. ಆದರೆ ಅವರ ಪ್ರಾಸ್ಟೇಟ್ ಕ್ಯಾನ್ಸರು ಅಪರೂಪದ್ದು, ರಕ್ತಪರೀಕ್ಷೆಯ ಕಣ್ಣು ತಪ್ಪಿಸಿ ಬೆಳೆಯುವಂಥದು. ಕಿರಣ ಚೂರು ಆಚೆ ಬಿದ್ದರೆ ಗಡ್ಡೆ ಉಳಿದು ಮೂತ್ರಕೋಶ ಸುಡುತ್ತದೆ.

ನಾನು ಖಟಕ ಚಿಂಚೋಳಿ ಎಂಬ ಹಳ್ಳಿಯವಳು, ಮುಲಾಜು ನನಗೆ ಗೊತ್ತಿಲ್ಲ. "ಇವತ್ತ ಮಷಿನ್ ಚಾಲೂ ಮಾಡಂಗಿಲ್ಲರಿ," ಎಂದು ಮತ್ತೆ ಸ್ಕ್ಯಾನಿಗೆ ಮಲಗಿಸಿದೆ. ಹೊರಗೆ ಭಾಲ್ಕಿ, ಔರಾದಗಳಿಂದ ಬಂದು ಕುಳಿತವರು ಗೊಣಗುತ್ತಿದ್ದರು.

"ನನ್ನ ಕೈ ತಪ್ಪಂಗಿಲ್ಲ ಬೇಟಿ."

"ಕೈ ಸೀದಾ ಅದರಿ. ಸೊಂಟ ಡೊಂಕದ. ನೋಡ್ರಿ."

ಪರದೆಯ ಮೇಲೆ ತೋರಿಸಿದೆ. ಒಂದು ಕಾಲು ಮಡಚಿ, ಇನ್ನೊಂದರಿಂದ ಹೂಜಿ ಒತ್ತಿಹಿಡಿದು ಕೂತೂ ಕೂತೂ ಅವರ ಬಲಸೊಂಟ ಏರಿತ್ತು. ಮಲಗಿದಾಗ ಮಷಿನ್ನಿಗೆ ನೆಟ್ಟಗಿದ್ದ ನನ್ನ ಗೆರೆ, ನಿಂತು ಕನ್ನಡಿ ನೋಡಿದವರಿಗೆ ಡೊಂಕಾಗಿ ಕಂಡಿತ್ತು.

"ನೀವು ಬರೆದ ನಕ್ಷಿ ಇನ್ನೊಬ್ಬರು ತಿದ್ದಿದ್ರ ಏನ್ ಮಾಡ್ತಿದ್ರಿ?"

"ಕೈ ಮುರೀತಿದ್ದೆ," ಎಂದರು ಮೆಲ್ಲಗೆ. ಆಮೇಲೆ, "ಮಾಫ್ ಮಾಡು."

ಹೊಸ ಗೆರೆ ಎಳೆಯುವಾಗ ಉಸಿರೂ ಬಿಡದೆ ಮಲಗಿದ್ದರು. ಮರುದಿನದಿಂದ ಚಿಕಿತ್ಸೆ ತಪ್ಪಲಿಲ್ಲ. ಮೂವತ್ತೈದು ಸರತಿಯೂ ಮುಗಿದ ದಿನ, "ಇನ್ನ ತಿಕ್ಕಿ ತೊಳೀರಿ," ಎಂದೆ. ತಲೆಯಾಡಿಸಿ ಹೋದರು.

ಮೂರು ತಿಂಗಳ ಮೇಲೆ ಡಾಕ್ಟರ ಕೋಣೆಯಿಂದ ಸೀದಾ ನನ್ನ ಹತ್ತಿರ ಬಂದರು. ಅವರ ಕೈಯಿಂದ ಸ್ಕ್ಯಾನ್ ರಿಪೋರ್ಟು ಕಸಿದುಕೊಂಡೆ. ಗಡ್ಡೆಯ ಸುಳಿವಿರಲಿಲ್ಲ.

ಅವರು ಕುರ್ತಾ ಎತ್ತಿದರು. ನನ್ನ ಗೆರೆಗಳು ಅಲ್ಲೇ ಇದ್ದವು, ಅದೇ ಡೊಂಕಿನಲ್ಲಿ. ಪ್ರತಿ ಶುಕ್ರವಾರ ಸ್ನಾನವಾದ ಮೇಲೆ ಅವುಗಳ ಮೇಲೇ ಮತ್ತೆ ಶಾಯಿ ಎಳೆದುಕೊಂಡಿದ್ದರಂತೆ.

"ಕೆಲಸ ಮುಗೀತಂತ ಗೊತ್ತಾಗೋತನಕ ಉಸ್ತಾದರ ನಕ್ಷಿ ಅಳಸಬಾರದು. ಈಗ ನೀನೇ ಅಳಸು."

ಹತ್ತಿಯನ್ನು ಸ್ಪಿರಿಟಿನಲ್ಲಿ ಅದ್ದಿದೆ. ಮೊದಲ ಗೆರೆಯನ್ನು ಗಸಗಸನೆ ತಿಕ್ಕತೊಡಗಿದೆ.

"ನಿಧಾನ, ಉಸ್ತಾದ್," ಎಂದರು.