ವಸಂತಲಕ್ಷ್ಮಿ ಬಿಸ್ಕತ್ತಿನವರು

ನನ್ನ ಬಾಯಿ ಜೋರು ಅಂತ ನಮ್ಮ ಅತ್ತೆಯಿಂದ ಹಿಡಿದು ನೀರು ಬಿಡುವವನ ತನಕ ಎಲ್ಲರೂ ಹೇಳುತ್ತಾರೆ. ಹೇಳಲಿ ಬಿಡಿ, ಆ ಬಾಯಿಯೇ ನನಗೆ ಕೆಲಸ ಕೊಡಿಸಿದ್ದು. ಆರ್.ಟಿ. ನಗರದ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ಶಿವರಾಮ್ ಎನ್ನುವವರ ಸಣ್ಣ ಆಫೀಸು. ಅಲ್ಲಿ ನನ್ನ ಕೆಲಸ, ಕೆಲಸ ಬಿಟ್ಟು ಹೋದವರ ಬಗ್ಗೆ ಮಾತಾಡುವುದು. ಯಾರಾದರೂ ಹೊಸ ಕಡೆ ಸೇರುವಾಗ ಅಲ್ಲಿಯವರು ಹಳೇ ಕಂಪನಿಗೆ ಫೋನ್ ಮಾಡಿ, ಇವರು ನಿಮ್ಮಲ್ಲಿ ಇದ್ದದ್ದು ನಿಜವೇ ಎಂದು ವಿಚಾರಿಸುತ್ತಾರಲ್ಲ, ಆ ಫೋನು ಕಂಪನಿಗೆ ಹೋಗದೆ ನನ್ನ ಮೇಜಿಗೆ ಬರುತ್ತಿತ್ತು. ಬಿಟ್ಟು ಹೋದವರ ಗೊಡವೆ ಯಾರಿಗೆ ಬೇಕು? ಕಂಪನಿಗಳು ಅದನ್ನು ಶಿವರಾಮ್‌ಗೆ ಗುತ್ತಿಗೆ ಕೊಟ್ಟು ಕೈತೊಳೆದುಕೊಂಡಿದ್ದವು. ನಾನು ಆಯಾ ಕಂಪನಿಯ ಹೆಸರು ಹೇಳಿಕೊಂಡು, ಅದರೊಳಗೇ ಕೂತವಳ ಹಾಗೆ ಮಾತಾಡಬೇಕಿತ್ತು.

ಅವುಗಳಲ್ಲಿ ನನಗೆ ಮೆಚ್ಚಿನದು ವಸಂತಲಕ್ಷ್ಮಿ ಬಿಸ್ಕತ್ತು ಫ್ಯಾಕ್ಟರಿ. ಗೊರಗುಂಟೆಪಾಳ್ಯದ ಹತ್ತಿರ ಇತ್ತಂತೆ. ನಾನು ಸೇರುವ ಹೊತ್ತಿಗೆ ಅದನ್ನು ಮುಚ್ಚಿ, ಜಾಗವನ್ನೂ ಮಾರಿ ಆಗಿತ್ತು. ಮಾಲೀಕರಿಗೆ ಮಾತ್ರ ಪೇಟೆಯಲ್ಲಿ ಹೆಸರು ಉಳಿಯಬೇಕು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಯಾರೇ ಕೇಳಲಿ, ಮುಚ್ಚಿದೆ ಅನ್ನಕೂಡದು ಎಂದು ಶಿವರಾಮ್ ಮೊದಲ ದಿನವೇ ಹೇಳಿಟ್ಟಿದ್ದರು.

ನನಗೇನೂ ಕಷ್ಟವಾಗಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಕೆಳಗಿನ ಬೇಕರಿಯಲ್ಲಿ ಬನ್ನು ಬೇಯುತ್ತಿತ್ತು. ಆ ವಾಸನೆ ಮೆಟ್ಟಿಲು ಹತ್ತಿ ಬಂದು ಆಫೀಸು ತುಂಬಿಕೊಳ್ಳುತ್ತಿತ್ತು, ಕಣ್ಣು ಎಳೆಯುತ್ತಿತ್ತು. ಆ ಹೊತ್ತಿಗೆ ಫೋನು ಬಂದು, ‘ನಮಸ್ಕಾರ, ವಸಂತಲಕ್ಷ್ಮಿ ಬಿಸ್ಕತ್ಸ್’ ಅಂದೆನೆಂದರೆ ಮುಗಿಯಿತು, ನಾನು ಅಲ್ಲಿರುತ್ತಿದ್ದೆ. ಉದ್ದನೆಯ ಶೆಡ್ಡು. ತಗಡಿನ ಸಂದಿಯಿಂದ ಇಳಿದ ಬಿಸಿಲಲ್ಲಿ ಮೈದಾ ಹಿಟ್ಟು ಮೆಲ್ಲಗೆ ತೇಲುತ್ತಿದೆ. ಬಿಳಿ ಟೋಪಿಯ ಹೆಂಗಸರು ಸದ್ದಿಲ್ಲದೆ ಓಡಾಡುತ್ತಿದ್ದಾರೆ. ಬಿಸಿ ಬಿಸ್ಕತ್ತುಗಳು ಒಂದರ ಹಿಂದೊಂದು ಹರಿದು ಬಂದು ಎಲ್ಲಿಗೋ ಹೋಗುತ್ತಿವೆ, ಮುಗಿಯುವುದೇ ಇಲ್ಲ. ಅಂಗಳದಲ್ಲಿ ಒಂದು ಹೊಂಗೆ ಮರ. ಇದನ್ನೆಲ್ಲ ಯಾರೂ ನನಗೆ ಹೇಳಿದ್ದಲ್ಲ, ಆ ಮರವನ್ನು ನೆಟ್ಟವಳೂ ನಾನೇ.

ಪಂಚಪ್ಪನವರ ಮೊದಲ ಫೋನು ಬಂದದ್ದು ಅಂಥದೇ ಒಂದು ಮಧ್ಯಾಹ್ನ, 2016ರ ಬೇಸಿಗೆಯಲ್ಲಿ. ಗದಗಿನ ಕಡೆಯವರು, ಬಾಗಲಗುಂಟೆಯಲ್ಲಿ ಒಂದು ಕೋಣೆ ಮಾಡಿಕೊಂಡಿದ್ದರು. ವಸಂತಲಕ್ಷ್ಮಿಯಲ್ಲಿ ಓವನ್ ಮೇಸ್ತ್ರಿಯಾಗಿದ್ದವರು. ಈಗ ಒಂದು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸೆಕ್ಯೂರಿಟಿ ಕೆಲಸ ಸಿಗುವ ಹಾಗಿದೆ, ವಿಚಾರಿಸಲು ಫೋನು ಬರುತ್ತದೆ, ಇದ್ದದ್ದನ್ನು ಇದ್ದ ಹಾಗೆ ಹೇಳಿ ಸಾಕು ಎಂದರು. ಇದೂ ತಪ್ಪಿದರೆ ಊರಿಗೆ ಹೋಗಿ ತಮ್ಮನ ಮನೆಯಲ್ಲಿ ಕೂತು ಉಣ್ಣಬೇಕಂತೆ. ತಮ್ಮನ ಹೆಂಡತಿ ಇವರ ಮುಂದೆ ತಟ್ಟೆ ಇಡುವ ಸದ್ದೇ ಬೇರೆಯಂತೆ. ಆ ಸದ್ದು ನನಗೆ ಗೊತ್ತಿಲ್ಲದ್ದೇನಲ್ಲ, ನಾನೂ ಅಂಥ ತಟ್ಟೆಯಲ್ಲಿ ಉಂಡವಳೇ.

ಫೋನು ಇಡುವ ಮುಂಚೆ ಅವರು ಮೆಲ್ಲಗೆ ಕೇಳಿದರು, “ಓವನ್ ಹೆಂಗೈತ್ರಿ?”

ಉರಿಯುತ್ತಿದೆ ಎಂದೆ. ಈಗಷ್ಟೇ ಬೆಂದು ಬಂತು, ಘಮ್ ಅಂತಿದೆ ಎಂದೆ. ಅಂಗಳದ ಹೊಂಗೆ ಹೂ ಬಿಟ್ಟಿದೆ ಎಂದೂ ಸೇರಿಸಿದೆ. ಅತ್ತ ಕಡೆ ಅವರು ಉದ್ದಕ್ಕೆ ಉಸಿರೆಳೆದುಕೊಂಡರು. ಆಮೇಲಿಂದ ಆಗಾಗ ಮಧ್ಯಾಹ್ನ ಫೋನ್ ಮಾಡುತ್ತಿದ್ದರು. ಕೆಲಸದ ವಿಷಯ ಒಂದೇ ಮಾತು, ಉಳಿದದ್ದೆಲ್ಲ ಫ್ಯಾಕ್ಟರಿ. ನಾನು ಹೇಳುತ್ತಾ ಹೋಗುತ್ತಿದ್ದೆ, ಅವರು ಹೂಂಗುಟ್ಟುತ್ತಿದ್ದರು. ನನಗೂ ಹಿತವಾಗಿತ್ತು, ನನ್ನ ಮಾತಿಗೆ ಹೂಂ ಅನ್ನುವವರು ಮನೆಯಲ್ಲಿ ಯಾರಿದ್ದರು?

ಕೊನೆಗೆ ವಿಚಾರಿಸುವ ಫೋನೂ ಬಂತು. ಹೆಬ್ಬಾಳದ ಸೆಕ್ಯೂರಿಟಿ ಕಂಪನಿಯಿಂದ ಭಾಗ್ಯಶ್ರೀ ಎನ್ನುವ ಹುಡುಗಿ. ಪಂಚಪ್ಪನವರು ನಮ್ಮಲ್ಲೇ ಇದ್ದದ್ದು, ಓವನ್ ನೋಡಿಕೊಂಡದ್ದು, ಎಲ್ಲ ಸರಿ ಎಂದೆ. ಫ್ಯಾಕ್ಟರಿ ಮುಚ್ಚಿಹೋಗಿದೆ ಎಂದು ಅವರು ಹೇಳುತ್ತಿದ್ದಾರೆ, ಹೌದೇ ಎಂದಳು. ಬೇಕರಿಯ ಬನ್ನು ಆಗತಾನೆ ಒಲೆಯಿಂದ ಇಳಿದಿತ್ತು, ಮೂಗಿನ ತುಂಬಾ ಅದೇ. ಆಚೆ ಮೇಜಿನಿಂದ ಶಿವರಾಮ್ ನನ್ನನ್ನೇ ನೋಡುತ್ತಿದ್ದರು. ಇಲ್ಲವಲ್ಲ ಮೇಡಂ, ಚೆನ್ನಾಗಿ ನಡೀತಿದೆ ಎಂದೆ. ಅವಳು ಥ್ಯಾಂಕ್ಸ್ ಹೇಳಿ ಇಟ್ಟಳು.

ಮಾರನೆಯ ದಿನ ಪಂಚಪ್ಪನವರ ದನಿ ಇಳಿದುಹೋಗಿತ್ತು.

“ಸುಳ್ಳ ಹೇಳೀನಂತ ವಾಪಸ್ ಕಳಿಸಿದ್ರವ್ವಾ. ಮುಚ್ಚಿಲ್ಲದ ಫ್ಯಾಕ್ಟರಿ ಮುಚ್ಚೈತಿ ಅಂದಾನ, ಅಲ್ಲೇನೋ ಮಾಡಿ ಓಡಿ ಬಂದಾನ ಅಂತ.”

ಮುಚ್ಚಿದ್ದು ನಿಮಗೆ ಮೊದಲಿನಿಂದಲೂ ಗೊತ್ತಿತ್ತಾ ಎಂದು ಕೇಳಿದೆ. ಗೊತ್ತಿಲ್ಲದೆ ಏನು, ಆ ಅಪಾರ್ಟ್‌ಮೆಂಟ್ ಎದ್ದಿರುವುದೇ ಫ್ಯಾಕ್ಟರಿ ಕೆಡವಿದ ಜಾಗದಲ್ಲಿ ಎಂದರು. ತಾವು ಅಲ್ಲೇ ಗೇಟು ಕಾಯಬೇಕೆಂದದ್ದು ಅದಕ್ಕೇ ಎಂದರು. ಬಸ್ ಕಂಡಕ್ಟರು ಇವತ್ತಿಗೂ ಆ ಸ್ಟಾಪಿಗೆ ಬಿಸ್ಕತ್ ಫ್ಯಾಕ್ಟರಿ ಅಂತಲೇ ಕೂಗುತ್ತಾನಂತೆ.

“ಮತ್ತೆ ಓವನ್ ಹೆಂಗಿದೆ ಅಂತ ಪ್ರತಿ ಸಲ ಯಾಕ್ ಕೇಳ್ತಿದ್ರಿ, ಯಜಮಾನ್ರೇ?”

“ನೀವು ಹೇಳೂ ಮುಂದ ವಾಸನಿ ಬರ್ತಿತ್ತು. ಹೊಂಗಿಮರ ನಮ್ಮಲ್ಲಿ ಎಂದೂ ಇರ್ಲಿಲ್ಲವ್ವಾ. ಇದ್ದಿದ್ರ ಛಲೋ ಇತ್ತು ಅನಿಸ್ತು, ಅದಕ್ಕ ಸುಮ್ಮನಾದೆ.”

ಒಂದು ಬೈಗುಳ ಬೈದಿದ್ದರೂ ತಡೆದುಕೊಳ್ಳುತ್ತಿದ್ದೆ. ಆ ಮನುಷ್ಯ ಬೈಯಲಿಲ್ಲ, ನನಗೆ ಅಳು ಬಂತು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತ ನಮ್ಮಜ್ಜಿ ಅನ್ನುತ್ತಿದ್ದಳು. ಹೋದ ಮಾತನ್ನು ಹಿಡಿದು ತರುವವರು ಯಾರು? ಕಣ್ಣೊರೆಸಿಕೊಂಡು ಭಾಗ್ಯಶ್ರೀಗೆ ಫೋನ್ ಮಾಡಿದೆ. ಶಿವರಾಮ್ ಕೇಳಲಿ ಅಂತಲೇ ಜೋರಾಗಿ ಮಾತಾಡಿದೆ.

“ನಾನು ಫ್ಯಾಕ್ಟರಿಯವಳಲ್ಲ ಕಣ್ರೀ. ಆರ್.ಟಿ. ನಗರದ ಬೇಕರಿ ಮೇಲೆ ಕೂತಿದೀನಿ. ಆ ಫ್ಯಾಕ್ಟರೀನ ಕಣ್ಣಲ್ಲೂ ನೋಡಿಲ್ಲ. ಸುಳ್ಳು ಹೇಳಿದ್ದು ನಾನು, ಅವರಲ್ಲ.”

ಹಾಗಾದರೆ ನಿಮ್ಮ ಯಾವ ಮಾತು ನಂಬಲಿ ಎಂದಳು ಅವಳು. ನ್ಯಾಯವಾದ ಪ್ರಶ್ನೆಯೇ. ನೋಡದವಳು ನೋಡದವಳನ್ನು ಕೇಳುವುದೇ ನಮ್ಮಿಬ್ಬರ ಉದ್ಯೋಗ. ನನ್ನ ಯಾವ ಮಾತನ್ನೂ ನಂಬಬೇಡಿ, ಬಸ್ ಹತ್ತಿ ಹೋಗಿ, ಕಂಡಕ್ಟರು ನೀವು ಗಾರ್ಡ್ ಕಳಿಸುವ ಆ ಅಪಾರ್ಟ್‌ಮೆಂಟಿನ ಸ್ಟಾಪಿಗೆ ಏನಂತ ಕೂಗುತ್ತಾನೋ ಕೇಳಿಸಿಕೊಳ್ಳಿ ಎಂದೆ. ಅವಳು ಫೋನು ಇಟ್ಟಳು. ಶಿವರಾಮ್ ಎದ್ದು ಬಂದು ನನ್ನ ಮೇಜಿನ ಫೋನನ್ನು ತಂತಿ ಸಮೇತ ಎತ್ತಿಕೊಂಡು ಹೋದರು. ನಾಳೆಯಿಂದ ಬರುವುದು ಬೇಡ ಎಂದರು.

ಮನೆಯಲ್ಲಿ ಅತ್ತೆ ತಟ್ಟೆ ಇಡುವ ಸದ್ದು ಬದಲಾಯಿತು. ಮಧ್ಯಾಹ್ನ ಮಲಗಿದರೆ ಆ ಶೆಡ್ಡು ಕಣ್ಣಿಗೆ ಬರುತ್ತಿತ್ತು, ಆದರೆ ಒಲೆ ಆರಿರುತ್ತಿತ್ತು, ಹೆಂಗಸರು ಟೋಪಿ ತೆಗೆದಿಟ್ಟು ಹೋಗಿರುತ್ತಿದ್ದರು. ಪಂಚಪ್ಪನವರಿಗೆ ಕೆಲಸ ಸಿಕ್ಕಿತೋ, ಊರಿಗೆ ಹೋದರೋ, ತಿಳಿಯುವ ದಾರಿಯಿರಲಿಲ್ಲ. ಅವರ ನಂಬರು ಆ ಫೋನಿನ ಜೊತೆಗೇ ಹೋಗಿತ್ತು. ಒಂದು ಭಾನುವಾರ ತಡೆಯಲಾರದೆ ಗೊರಗುಂಟೆಪಾಳ್ಯದ ಕಡೆಯ ಬಸ್ ಹತ್ತಿದೆ. “ಬಿಸ್ಕತ್ ಫ್ಯಾಕ್ಟರಿ, ಇಳ್ಕೊಳ್ಳಿ” ಎಂದು ಕಂಡಕ್ಟರು ಕೂಗಿದಾಗ ಇಳಿದೆ.

ಆಕಾಶಕ್ಕೆ ಮುಟ್ಟುವ ಕಟ್ಟಡಗಳು, ದೊಡ್ಡ ಗೇಟು. ಗೇಟಿನಲ್ಲಿ ಮೀಸೆ ತಿರುವಿದ ಒಬ್ಬ ಗಾರ್ಡ್. ಯಾರ ಮನೆಗೆ ಎಂದ. ಪಂಚಪ್ಪನವರನ್ನು ನೋಡಬೇಕಿತ್ತು ಎಂದೆ. ಅವರು ನಿಮಗೇನಾಗಬೇಕು ಎಂದ. ಏನೂ ಆಗಬೇಕಿಲ್ಲ. ನೀವು ಯಾರು, ನಿಮ್ಮನ್ನು ಬಲ್ಲವರು ಒಳಗೆ ಯಾರಿದ್ದಾರೆ, ಯಾರಾದರೂ ಹೌದು ಅಂದರೆ ಮಾತ್ರ ಬಿಡೋದು ಎಂದ. ಎಷ್ಟು ಜನರ ಬಗ್ಗೆ ಹೌದು ಅಂದವಳು ನಾನು. ನನ್ನ ಬಗ್ಗೆ ಹೌದು ಅನ್ನಲು ಒಬ್ಬರ ಹೆಸರೂ ಹೊಳೆಯಲಿಲ್ಲ. ಆ ಸಿಟ್ಟಿಗೆ ಅವನ ಮೇಲೆ ಬಾಯಿ ಮಾಡಿದೆ.

ಗೇಟಿನ ಒಳಗೆ, ಪಾರ್ಕಿಂಗಿನ ಇಳಿಜಾರಿನಲ್ಲಿ ಕಾರಿಗೆ ಸೀಟಿ ಊದುತ್ತಿದ್ದ ಮುದುಕರೊಬ್ಬರು ಊದುವುದನ್ನು ನಿಲ್ಲಿಸಿ ತಿರುಗಿದರು. ನೀಲಿ ಅಂಗಿ ಒಂದು ಅಳತೆ ದೊಡ್ಡದಾಗಿತ್ತು. ನನ್ನ ಮುಖ ಅವರು ಕಂಡವರಲ್ಲ, ಅವರ ಮುಖ ನಾನೂ ಕಂಡವಳಲ್ಲ. ಕಣ್ಣು ಮುಚ್ಚಿ ನನ್ನ ಬೈಗುಳವನ್ನು ಸ್ವಲ್ಪ ಹೊತ್ತು ಕೇಳಿಸಿಕೊಂಡರು. ಆಮೇಲೆ ನಗುತ್ತಾ ಬಂದು ಗೇಟಿನ ಚಿಲಕಕ್ಕೆ ಕೈ ಹಾಕಿದರು.

“ಒಳಗ ಬಿಡಪಾ,” ಎಂದರು ಆ ಗಾರ್ಡಿಗೆ. “ಇವ್ರು ನಮ್ಮ ಫ್ಯಾಕ್ಟರಿಯವ್ರು.”