ಚಪ್ಪಟೆ ಊರಿನ ಎತ್ತರ

ಎರಡನೇ ಮಹಡಿಯ ತಿರುವಿನಲ್ಲಿ ಶವಪೆಟ್ಟಿಗೆ ಗೋಡೆಗೆ ತಾಗಿ ನಿಂತಿತು.

"ಸ್ವಲ್ಪ ಓರೆ ಮಾಡ್ರಪ್ಪ," ಎಂದ ಸತ್ತವಳ ಗಂಡ. ಅವನು ಲಿಫ್ಟ್ ರಿಪೇರಿಯವನು. ಆದರೆ ಈ ಕಟ್ಟಡದ ಲಿಫ್ಟಿನಲ್ಲಿ ಪೆಟ್ಟಿಗೆ ಹಿಡಿಸಿರಲಿಲ್ಲ.

ಹಿಂದೆ ಬರುತ್ತಿದ್ದ ಅಕ್ಕ ಬಿಕ್ಕಿದಳು. "ಹುಟ್ಟಿದಾಗಿಂದ ನನ್ನ ತಂಗಿ ಹೃದಯ ವೀಕು. ಮೆಟ್ಟಿಲು ಸಹ ಹತ್ತಬಾರದು ಅಂದಿದ್ರು ಡಾಕ್ಟರು. ಜೀವನಪೂರ್ತಿ ಬೆಟ್ಟಗಳ ವಿಷಯ ಓದಿದ್ಲು, ಒಂದು ಬೆಟ್ಟಾನೂ ಹತ್ತದೆ ಹೋದ್ಲಲ್ಲ!"

ಗಂಡ ಪೆಟ್ಟಿಗೆಯ ಭಾರವನ್ನು ಇನ್ನಷ್ಟು ತನ್ನ ಹೆಗಲಿಗೆ ಎಳೆದುಕೊಂಡ.

*

ಹೆಂಡತಿ ಬದುಕಿದ್ದಾಗ ಒಂದು ದಿನ, ಅವನು ಯಾವುದೋ ಆಫೀಸಿನ ಲಿಫ್ಟಿನ ಬುಡದ ಹೊಂಡದೊಳಗಿದ್ದಾಗ ಅವಳ ಫೋನ್ ಬಂದಿತ್ತು.

"ಕೈಲಿರೋ ಕೆಲಸ ಬಿಟ್ಟು ಬಾ."

ಎದೆನೋವೇ ಇರಬೇಕೆಂದು ಗ್ರೀಸು ಮೆತ್ತಿದ ಕೈಯಲ್ಲೇ, ಅವಳು ಕಲ್ಲುಗಳನ್ನು ಪರೀಕ್ಷಿಸುವ ಲ್ಯಾಬಿಗೆ ಓಡಿದ. ಅವಳು ಯಂತ್ರದ ಮುಂದೆ ಕೂತು ನಗುತ್ತಿದ್ದಳು, ಕಣ್ಣಲ್ಲಿ ನೀರು.

"ಊರಾಚೆ ಬಯಲಿನ ಸುಣ್ಣಕಲ್ಲು ಇದು. ಒಂದು ಕಾಲದಲ್ಲಿ ಕೆರೆಯ ತಳ. ಆ ಕೆರೆಗೆ ಬಿದ್ದ ಮಳೆ ಗುರುತು ಇನ್ನೂ ಕಲ್ಲಲ್ಲಿದೆ."

"ಮಳೆಗೆಂಥ ಗುರುತೇ?"

"ನೀರಲ್ಲಿರೋ ಆಕ್ಸಿಜನ್‌ನಲ್ಲಿ ಭಾರದ್ದೂ ಇದೆ, ಹಗುರದ್ದೂ ಇದೆ. ಮೋಡ ಬೆಟ್ಟ ಏರ್ತಾ ಏರ್ತಾ ಭಾರದ್ದನ್ನ ಮೊದಲು ಸುರಿದುಬಿಡುತ್ತೆ. ತುದಿಗೆ ಬೀಳೋ ಮಳೆ ಹಗುರ. ಈ ಕಲ್ಲಲ್ಲಿರೋದು ತೀರಾ ಹಗುರ ಕಣೋ. ಮತ್ತೆ ಮತ್ತೆ ನೋಡಿದೆ."

"ಅಂದ್ರೆ?"

"ನಮ್ಮ ಈ ಚಪ್ಪಟೆ ಊರು ಆಗ ಹೆಚ್ಚು ಕಡಿಮೆ ನಾಲ್ಕು ಸಾವಿರ ಮೀಟರ್ ಮೇಲಿತ್ತು. ಆಮೇಲೆ ಕೋಟಿಗಟ್ಟಲೆ ವರ್ಷ ನೆಲ ಅಕ್ಕಪಕ್ಕಕ್ಕೆ ಹಿಗ್ಗಿ, ಕುಸಿದು, ಇಲ್ಲಿಗಿಳಿದಿದೆ."

ಅವನು ಕಿಟಕಿಯತ್ತ ನೋಡಿದ. ತಾನು ಹತ್ತಿಳಿದ ಕಟ್ಟಡಗಳನ್ನೆಲ್ಲ ಮನಸ್ಸಿನಲ್ಲೇ ಒಂದರ ಮೇಲೊಂದು ಪೇರಿಸತೊಡಗಿದ. ಅರ್ಧ ದಾರಿಯಲ್ಲೇ ತಲೆ ತಿರುಗಿತು.

"ನಿನ್ನ ಲಿಫ್ಟ್ ಇಲ್ದೇನೇ ನಾನು ಎಷ್ಟು ಮೇಲೆ ಬಂದೆ ನೋಡು," ಎಂದಳು ಅವಳು.

*

ಸ್ಮಶಾನ ಅದೇ ಬಯಲಿನ ಅಂಚಿನಲ್ಲಿತ್ತು. ಮಣ್ಣು ಹಾಕಿ ಎಲ್ಲರೂ ಚದುರುವಾಗ ಗಂಡ ಆ ಕಲ್ಲಿನ ವಿಷಯ ತನಗೆ ತಿಳಿದಷ್ಟನ್ನು ಅಕ್ಕನಿಗೆ ಹೇಳಿದ. ಹೇಳುತ್ತ ಅವನ ದನಿ ತಾನಾಗಿ ತಗ್ಗಿತು.

"ಇಲ್ಲೇನಾ? ನಾವು ನಿಂತಿರೋ ಕಡೆ?"

"ಇಲ್ಲೇ ಅತ್ತಿಗೆ. ಈ ಬೆಟ್ಟ ಮೊದಲು ಕಂಡಿದ್ದು ಅವಳಿಗೇ."

ಅಕ್ಕ ಸುತ್ತ ನೋಡಿದಳು. ಕಣ್ಣು ಹಾಯುವಷ್ಟು ದೂರವೂ ಸಮತಟ್ಟು ನೆಲ, ಕರೆಂಟು ಕಂಬಗಳು, ಎಲ್ಲೋ ಸಣ್ಣದಾಗಿ ಒಂದು ಬಸ್ಸು. ಆಮೇಲೆ ಅವನ ತೋಳು ಹಿಡಿದು, ಮೈಯನ್ನು ತುಸು ಹಿಂದಕ್ಕೆ ವಾಲಿಸಿ, ಕಾಲ ಕೆಳಗಿನ ನೆಲವನ್ನು ತಡವಿ ತಡವಿ, ಗೇಟಿನತ್ತ ಮೆಲ್ಲಗೆ ಬೆಟ್ಟ ಇಳಿಯತೊಡಗಿದಳು.